ಸಿಪ್ಯಾಪ್ ಹಾಕಿಕೊಂಡರೂ ಸೆಂಟ್ರಲ್ ಆಪ್ನಿಯಾ ಬರುತ್ತಿದ್ದರೆ ಏನು ಮಾಡಬೇಕು?

ನಿದ್ದೆಯಲ್ಲಿ ಗಂಟಲು ಮುಚ್ಚದಂತೆ ಮಾಸ್ಕಿನಿಂದ ಗಾಳಿ ಊದುವ ಸಿಪ್ಯಾಪ್ ಮಷಿನ್ ಮನೆಗೆ ಬಂದ ಮೊದಲ ತಿಂಗಳಲ್ಲೇ ತುಂಬ ಜನರನ್ನು ಕಾಡುವ ಪ್ರಶ್ನೆ ಇದು. ಗೊರಕೆ ನಿಂತಿರುತ್ತದೆ. ಪಕ್ಕದಲ್ಲಿ ಮಲಗುವವರಿಗೂ ನಿದ್ದೆ ಬರುತ್ತಿರುತ್ತದೆ. ಆದರೆ ಬೆಳಿಗ್ಗೆ ರಿಪೋರ್ಟ್ ತೆರೆದರೆ ‘ಸೆಂಟ್ರಲ್’ ಅಥವಾ ‘ಸಿಎ’ ಎಂದು ಹೊಸದೊಂದು ಸಂಖ್ಯೆ. ಸ್ಲೀಪ್ ಟೆಸ್ಟ್ ಮಾಡಿಸಿದಾಗ ಅದರ ಮಾತೇ ಇರಲಿಲ್ಲ. ಫೋನಿನಲ್ಲಿ ಹುಡುಕಿದರೆ ‘ಮೆದುಳು ಉಸಿರಾಡಲು ಹೇಳುವುದನ್ನೇ ನಿಲ್ಲಿಸುತ್ತದೆ’ ಎಂದು ಬರುತ್ತದೆ. ಓದಿದವರಿಗೆ ಎದೆ ಝಲ್ಲೆನ್ನದೆ ಇರುತ್ತದಾ?

ಆಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವರು ಪ್ರೆಶರ್ ಸಾಲದೇನೋ ಎಂದು ಏರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಈ ಮಷಿನ್ನಿಂದಲೇ ಕಾಯಿಲೆ ಬಂತು ಎಂದು ಅದನ್ನು ಬೀರುವಿನ ಮೇಲೆ ಎತ್ತಿಡುತ್ತಾರೆ. ದಯವಿಟ್ಟು ಎರಡೂ ಮಾಡಬೇಡಿ. ಪ್ರೆಶರ್ ಏರಿಸಿದರೆ ಸೆಂಟ್ರಲ್ ಆಪ್ನಿಯಾ ಹಲವರಲ್ಲಿ ಹೆಚ್ಚುತ್ತದೆ. ಮಷಿನ್ ನಿಲ್ಲಿಸಿದರೆ ಹಳೆಯ ಗಂಟಲು ಮುಚ್ಚುವ ಕಾಯಿಲೆ ಅಂದೇ ರಾತ್ರಿ ವಾಪಸ್ ಬರುತ್ತದೆ.

ನಮ್ಮ ಮನೆಯಲ್ಲಿ ಅಪ್ಪ ವರ್ಷಗಳಿಂದ ಸಿಪ್ಯಾಪ್ ಹಾಕಿಕೊಂಡೇ ಮಲಗುತ್ತಾರೆ. ಮಷಿನ್ನಿನ ಕಾರ್ಡ್ ತೆಗೆದು ನೋಡುವ ಕೆಲಸ ನನ್ನದು. ಅವರ ಡಾಕ್ಟರ್ ಹತ್ತಿರ ಕೇಳಿ ಕಲಿತದ್ದು, ಓದಿ ತಿಳಿದದ್ದು, ಕಾರ್ಡ್‌ನಲ್ಲಿ ಕಂಡದ್ದು, ಎಲ್ಲವನ್ನೂ ಒಂದು ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಇದು ದೊಡ್ಡವರಿಗೆ ಮಾತ್ರ. ಮಕ್ಕಳ ವಿಷಯ ಬೇರೆಯೇ.

ಯಾರು ಕಾಯಬಾರದು?

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ಟ್ ಫೇಲ್ಯೂರ್ ಇದೆ ಎಂದು ಡಾಕ್ಟರ್ ಹೇಳಿದ್ದರೆ, ಹಿಂದೆ ಸ್ಟ್ರೋಕ್ ಆಗಿದ್ದರೆ, ಎದೆಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ, ಕಿಡ್ನಿ ತೊಂದರೆ ಜಾಸ್ತಿಯಾಗಿದ್ದರೆ, ಮಾರ್ಫಿನ್ ಅಥವಾ ಟ್ರಮಡಾಲ್ ಥರದ ನೋವಿನ ಮಾತ್ರೆ ನಡೆಯುತ್ತಿದ್ದರೆ, ಸೆಂಟ್ರಲ್ ಸಂಖ್ಯೆ ಕಂಡ ವಾರದಲ್ಲೇ ಡಾಕ್ಟರಿಗೆ ತಿಳಿಸಿ. ಕಾಲು ಊದಿಕೊಂಡು, ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವಂತಿದ್ದರೂ ಅಷ್ಟೇ. ಎದೆನೋವು, ಪ್ರಜ್ಞೆ ತಪ್ಪುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು ಕಂಡರೆ ರಿಪೋರ್ಟ್ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮಿಕ್ಕವರಿಗೆ ಸಮಯವಿದೆ. ನಿಧಾನವಾಗಿ ನೋಡೋಣ.

ಮಷಿನ್ ಎಣಿಸುವುದು ಏನನ್ನು?

ನಿದ್ದೆಯಲ್ಲಿ 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಆಪ್ನಿಯಾ. ಗಂಟಲು ಮುಚ್ಚಿಕೊಂಡು ಉಸಿರು ನಿಂತರೆ ಅಬ್‌ಸ್ಟ್ರಕ್ಟಿವ್. ಅಲ್ಲಿ ಎದೆ, ಹೊಟ್ಟೆ ಗಾಳಿ ಎಳೆಯಲು ಒದ್ದಾಡುತ್ತಿರುತ್ತವೆ. ದಾರಿ ತೆರೆದೇ ಇದ್ದು, ಉಸಿರೆಳೆಯುವ ಪ್ರಯತ್ನವೇ ಇಲ್ಲದಿದ್ದರೆ ಸೆಂಟ್ರಲ್. ಲ್ಯಾಬಿನಲ್ಲಿ ಟೆಸ್ಟ್ ಮಾಡುವಾಗ ಎದೆಗೂ ಹೊಟ್ಟೆಗೂ ಬೆಲ್ಟ್ ಕಟ್ಟುತ್ತಾರಲ್ಲ, ಅದು ಈ ಪ್ರಯತ್ನ ಇದೆಯಾ ಇಲ್ಲವಾ ಎಂದು ನೋಡಲಿಕ್ಕೆ.

ಮನೆಯ ಮಷಿನ್ನಿಗೆ ಬೆಲ್ಟ್ ಇಲ್ಲ. ಅದಕ್ಕೆ ಗೊತ್ತಾಗುವುದು ಕೊಳವೆಯಲ್ಲಿ ಹೋಗಿಬರುವ ಗಾಳಿ ಮಾತ್ರ. ಉಸಿರು ನಿಂತು ಕೆಲವು ಸೆಕೆಂಡ್ ಆದ ಮೇಲೆ ರೆಸ್‌ಮೆಡ್ ಕಂಪನಿಯ ಮಷಿನ್ ಗಾಳಿಯನ್ನು ಸೆಕೆಂಡಿಗೆ 4 ಸಲದಂತೆ ಬಹಳ ಮೆಲ್ಲಗೆ ಅದುರಿಸುತ್ತದೆ. ಫಿಲಿಪ್ಸ್ ಮಷಿನ್ ಸಣ್ಣದಾಗಿ ಗಾಳಿ ತಳ್ಳಿ ನೋಡುತ್ತದೆ. ಆ ಅಲುಗಾಟ ಒಳಗೆ ಹೋದರೆ ದಾರಿ ತೆರೆದಿದೆ ಎಂದು ಲೆಕ್ಕ. ಆಗ ‘ಸಿಎ’ ಎಂದು ಗುರುತು ಹಾಕುತ್ತದೆ. ಅಂದರೆ ‘ದಾರಿ ತೆರೆದಿತ್ತು, ಆದರೆ ಉಸಿರು ಬರಲಿಲ್ಲ’. ಅಷ್ಟೇ ಅದು ಹೇಳುವುದು. ನೀವು ನಿದ್ದೆಯಲ್ಲಿದ್ದಿರೋ ಎಚ್ಚರವಾಗಿದ್ದಿರೋ ಅದಕ್ಕೆ ಗೊತ್ತಿಲ್ಲ. ಹಾಸಿಗೆಯಲ್ಲಿ ಕೂತು ಮಾಸ್ಕ್ ಹಾಕಿಕೊಂಡು ಬೇಕೆಂದೇ ಉಸಿರು ಹಿಡಿದರೂ ಅದು ಸಿಎ ಎಂದೇ ಬರೆದುಕೊಳ್ಳುತ್ತದೆ.

ಇಲ್ಲದ್ದು ಈಗ ಯಾಕೆ ಬಂತು?

1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಸಿಪ್ಯಾಪ್ ಚಿಕಿತ್ಸೆಯನ್ನು ಲೋಕಕ್ಕೆ ತೋರಿಸಿದಾಗ ಉದ್ದೇಶ ಒಂದೇ: ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ಹಿಡಿದಿಡುವುದು. ಈ ಮಷಿನ್ ನಿಮ್ಮ ಪರವಾಗಿ ಉಸಿರಾಡುವುದಿಲ್ಲ. ಉಸಿರಾಡು ಎಂದು ಹೇಳುವ ಕೆಲಸ ಮೆದುಳಿನದೇ.

ನಿದ್ದೆಯಲ್ಲಿ ಮೆದುಳು ಉಸಿರಿನ ಲೆಕ್ಕ ಇಡುವುದು ಮುಖ್ಯವಾಗಿ ರಕ್ತದ ಕಾರ್ಬನ್ ಡೈಆಕ್ಸೈಡ್ ನೋಡಿ. ಅದು ಜಾಸ್ತಿಯಾದರೆ ಜೋರಾಗಿ ಉಸಿರಾಡಿಸುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ‘ಸದ್ಯಕ್ಕೆ ಬೇಡ’ ಎಂದು ಸುಮ್ಮನಾಗುತ್ತದೆ. ವರ್ಷಗಟ್ಟಲೆ ಗಂಟಲು ಮುಚ್ಚಿ ಒದ್ದಾಡಿದ ದೇಹಕ್ಕೆ ಜೋರಾಗಿ ಉಸಿರೆಳೆಯುವುದೇ ಅಭ್ಯಾಸವಾಗಿರುತ್ತದೆ. ಸಿಪ್ಯಾಪ್ ಬಂದು ದಾರಿ ತೆರೆದುಬಿಟ್ಟಿತು. ಅದೇ ಜೋರಿನಲ್ಲಿ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಬೇಗ ಕೆಳಗಿಳಿಯುತ್ತದೆ. ಉಸಿರು ನಿಲ್ಲುತ್ತದೆ. ನಿಂತಾಗ ಮತ್ತೆ ಏರುತ್ತದೆ, ಮತ್ತೆ ಜೋರಾದ ಉಸಿರು, ಮತ್ತೆ ಇಳಿತ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸುವಾಗ ಅವಸರಪಟ್ಟರೆ ಒಮ್ಮೆ ಸುಡುತ್ತದೆ, ಒಮ್ಮೆ ತಣ್ಣಗಾಗುತ್ತದೆ, ಹದ ಸಿಗುವುದೇ ಇಲ್ಲ, ಹಾಗೆ. ಕೆಲವರ ಮೆದುಳು ಈ ವಿಷಯದಲ್ಲಿ ಹುಟ್ಟಾ ಅವಸರದ್ದು. ಅವರಿಗೆ ಇದು ಜಾಸ್ತಿ.

ಗಂಟಲಿನ ಆಪ್ನಿಯಾ ಹತೋಟಿಗೆ ಬಂದ ಮೇಲೆ ಗಂಟೆಗೆ 5 ಅಥವಾ ಹೆಚ್ಚು ಸೆಂಟ್ರಲ್ ಘಟನೆ ಇದ್ದು, ಒಟ್ಟು ಘಟನೆಗಳಲ್ಲಿ ಅರ್ಧವಾದರೂ ಅವೇ ಆಗಿದ್ದು, ಅದಕ್ಕೆ ಹೃದಯ ಅಥವಾ ಔಷಧಿಯಂಥ ಬೇರೆ ಕಾರಣ ಸಿಗದಿದ್ದರೆ, ಡಾಕ್ಟರುಗಳು ‘ಚಿಕಿತ್ಸೆ ಶುರುವಾದ ಮೇಲೆ ಕಂಡ ಸೆಂಟ್ರಲ್ ಆಪ್ನಿಯಾ’ ಎನ್ನುತ್ತಾರೆ. ಅಮೆರಿಕದ 1,33,006 ಜನರ ಮಷಿನ್ ಮಾಹಿತಿ ನೋಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಇದು ಕಂಡದ್ದು ನೂರಕ್ಕೆ 3.5 ಮಂದಿಯಲ್ಲಿ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ 13ನೇ ವಾರದ ಹೊತ್ತಿಗೆ ತಾನಾಗಿಯೇ ಹೋಗಿತ್ತು. ಸುಮಾರು ಕಾಲು ಭಾಗದವರಿಗೆ ಉಳಿದುಕೊಂಡಿತ್ತು. ಐದರಲ್ಲಿ ಒಬ್ಬರಿಗೆ ಮೊದಲು ಇಲ್ಲದೆ ಆಮೇಲೆ ಬಂದಿತ್ತು. ಇನ್ನೊಂದು ಮಾತೂ ಅಲ್ಲಿತ್ತು: ಈ ಜನ ಮಷಿನ್ ಬಿಟ್ಟುಬಿಡುವ ಸಾಧ್ಯತೆ ಮಿಕ್ಕವರಿಗಿಂತ ಹೆಚ್ಚು. ನಾನು ಇಷ್ಟುದ್ದ ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ಮೂರು ತಿಂಗಳಲ್ಲಿ ಹೋಗಿಬಿಡಬಹುದಾದ ಒಂದು ಸಂಖ್ಯೆಗೆ ಹೆದರಿ ಜನ ಒಳ್ಳೆಯ ಚಿಕಿತ್ಸೆಯನ್ನೇ ಕೈಬಿಡುತ್ತಾರೆ.

ಹೆಜ್ಜೆ 1: ನಿಜವಾದ ಸಂಖ್ಯೆ ಹುಡುಕಿ

ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂಬ ಲೆಕ್ಕ. ಇದು ಒಟ್ಟು ಮೊತ್ತ. ಫೋನಿನ ಆ್ಯಪ್‌ಗಳು ಬಹುಮಟ್ಟಿಗೆ ಈ ಒಟ್ಟನ್ನೇ ತೋರಿಸುತ್ತವೆ. ನಿಮಗೆ ಬೇಕಾದದ್ದು ಒಡೆದ ಲೆಕ್ಕ: ಅದರಲ್ಲಿ ಗಂಟಲಿನದೆಷ್ಟು, ಸೆಂಟ್ರಲ್ ಎಷ್ಟು, ಉಸಿರು ಅರ್ಧಂಬರ್ಧ ಆದದ್ದೆಷ್ಟು. ರೆಸ್‌ಮೆಡ್‌ನ ಏರ್‌ಸೆನ್ಸ್ 10ರಲ್ಲಿ ಹೆಚ್ಚಿನ ವಿವರ ತೋರಿಸುವ ಆಯ್ಕೆ ಆನ್ ಆಗಿದ್ದರೆ ಸ್ಲೀಪ್ ರಿಪೋರ್ಟ್‌ನಲ್ಲೇ ಸೆಂಟ್ರಲ್ ಬೇರೆಯಾಗಿ ಕಾಣುತ್ತದೆ. ಮಷಿನ್ ಕೊಟ್ಟವರನ್ನು ಕೇಳಿದರೆ ವಿವರವಾದ ರಿಪೋರ್ಟ್ ಕಳಿಸುತ್ತಾರೆ. ಕೇಳಿ ಪಡೆಯಿರಿ.

ಒಂದು ರಾತ್ರಿಯ ಸಂಖ್ಯೆ ಹಿಡಿದುಕೊಂಡು ಲೆಕ್ಕ ಹಾಕಬೇಡಿ. ನಿನ್ನೆ 9, ಇವತ್ತು 2 ಅನ್ನುವುದು ಮಾಮೂಲು. ಎರಡು ವಾರದ ಸರಾಸರಿ ನೋಡಿ. ಸಿಎ ಗಂಟೆಗೆ ಒಂದೋ ಎರಡೋ ಇದ್ದು, ಒಟ್ಟು ಎಎಚ್‌ಐ 5ರ ಒಳಗಿದ್ದು, ಹಗಲು ನೀವು ಲವಲವಿಕೆಯಿಂದ ಇದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಅಷ್ಟು ಸಿಎ ಆರೋಗ್ಯವಂತರಿಗೂ ಬರುತ್ತದೆ. ಸರಾಸರಿ 5 ದಾಟುತ್ತಿದ್ದರೆ ಮುಂದೆ ಓದಿ.

ಹೆಜ್ಜೆ 2: ಆ ಘಟನೆ ಎಂಥ ಜಾಗದಲ್ಲಿ ಬಂತು ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಆದರೆ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ.

ಮಷಿನ್ನಿನ ಪಕ್ಕದಲ್ಲಿ ಒಂದು ಎಸ್‌ಡಿ ಕಾರ್ಡ್ ಇರುತ್ತದೆ. ಪ್ರತಿ ಉಸಿರಿನ ಅಲೆ ಅದರಲ್ಲಿ ದಾಖಲಾಗಿರುತ್ತದೆ. ಆಸ್ಕರ್ ಎಂಬ ಉಚಿತ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಅದನ್ನು ನೋಡಬಹುದು. ಎಲ್ಲ ಕಂಪನಿಯ ಮಷಿನ್ನಿಗೂ ಅದು ಆಗುವುದಿಲ್ಲ. ರೆಸ್‌ಮೆಡ್, ಫಿಲಿಪ್ಸ್‌ನ ಬಹುಪಾಲು ಮಾದರಿಗಳಿಗೆ ಆಗುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕುವ ಮೊದಲು ಅದರ ಅಂಚಿನಲ್ಲಿರುವ ಪುಟ್ಟ ಲಾಕ್ ಸರಿಸಿ. ಇಲ್ಲದಿದ್ದರೆ ಕಂಪ್ಯೂಟರ್ ಅದರಲ್ಲಿ ತನ್ನದೇನಾದರೂ ಬರೆದುಬಿಡುತ್ತದೆ. ಮಷಿನ್ನಿಗೆ ವಾಪಸ್ ಹಾಕುವಾಗ ಲಾಕ್ ತೆಗೆಯಲು ಮರೆಯಬೇಡಿ.

ಈಗ ಒಂದು ಸಿಎ ಗುರುತಿನ ಮೇಲೆ ಹೋಗಿ, ಮೂರು ನಿಮಿಷದಷ್ಟು ಭಾಗವನ್ನು ದೊಡ್ಡದು ಮಾಡಿ ನೋಡಿ. ಅಪ್ಪನ ಒಂದು ರಾತ್ರಿಯ ಚಿತ್ರ ಹೇಳುತ್ತೇನೆ. ಬೆಳಗಿನ ಜಾವ. ಉಸಿರಿನ ಅಲೆ ಒಂದೇ ಎತ್ತರದಲ್ಲಿ, ಒಂದೇ ಅಂತರದಲ್ಲಿ ಸಾಗುತ್ತಿದೆ. ಇದ್ದಕ್ಕಿದ್ದಂತೆ ಎರಡು ಮೂರು ಉಸಿರು ಮಿಕ್ಕವುಗಳ ಎರಡರಷ್ಟು ಎತ್ತರಕ್ಕೆ ಎದ್ದಿವೆ. ಅಂಚು ಅಂಕುಡೊಂಕು. ಅದೇ ಹೊತ್ತಿಗೆ ಮಾಸ್ಕಿನಿಂದ ಗಾಳಿ ಸೋರುವುದನ್ನು ತೋರಿಸುವ ಕೆಳಗಿನ ಲೀಕ್ ಗೆರೆ ಸೊನ್ನೆಯಿಂದ ಮೇಲೆ ಹಾರಿದೆ. ಆಮೇಲೆ ಅಲೆ ಚಪ್ಪಟೆ, ಒಂದು 12 ಸೆಕೆಂಡ್. ಅಲ್ಲಿ ಸಿಎ ಗುರುತು. ಆಮೇಲೆ ಸಣ್ಣ ಉಸಿರು, ನಿಧಾನವಾಗಿ ಮತ್ತೆ ಮೊದಲಿನ ಹದ. ಇದರಲ್ಲಿ ನಡೆದದ್ದು ಇಷ್ಟು: ಮಗ್ಗುಲು ಬದಲಿಸಿದರು, ಮಾಸ್ಕ್ ದಿಂಬಿಗೆ ಉಜ್ಜಿ ಜರುಗಿತು, ಅರ್ಧ ಎಚ್ಚರವಾಗಿ ದೊಡ್ಡ ಉಸಿರು ಬಿಟ್ಟರು, ಕಾರ್ಬನ್ ಡೈಆಕ್ಸೈಡ್ ಇಳಿಯಿತು, ಒಂದು ಉಸಿರಿನ ಸರದಿ ತಪ್ಪಿತು. ನಿದ್ದೆ ಮತ್ತು ಎಚ್ಚರದ ನಡುವಿನ ಈ ಥರದ ಸಿಎ ಮೆದುಳಿನ ದೋಷವಲ್ಲ. ಹುಡುಕಬೇಕಾದದ್ದು ಎಚ್ಚರ ಯಾಕಾಯಿತು ಎನ್ನುವುದನ್ನು.

ಎರಡನೆಯ ಥರ ಬೇರೆ. ಮಾಸ್ಕ್ ಹಾಕಿದ ಮೊದಲ ಅರ್ಧ ಗಂಟೆಯಲ್ಲಿ ಅಥವಾ ಬೆಳಿಗ್ಗೆ ಏಳುವ ಮುಂಚೆ ಗುಂಪಾಗಿ ಬರುವಂಥದ್ದು. ಮಂಪರಿನಲ್ಲಿದ್ದಾಗ ಉಸಿರಿನ ಲಯ ಹೀಗೆ ಏರುಪೇರಾಗುವುದು ಸಹಜ. ನಮ್ಮಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಮಲಗುವ ಮುಂಚೆ ಮಾಸ್ಕ್ ಹಾಕಿಕೊಂಡೇ ಪ್ರಾಣಾಯಾಮ ಮಾಡುವವರಿದ್ದಾರೆ. ಕುಂಭಕದಲ್ಲಿ 10 ಸೆಕೆಂಡ್ ಉಸಿರು ಹಿಡಿದರೆ ಮಷಿನ್ ಅದನ್ನೂ ಎಣಿಸುತ್ತದೆ. ಪ್ರಾಣಾಯಾಮ ಮುಗಿಸಿ, ಆಮೇಲೆ ಮಾಸ್ಕ್ ಹಾಕಿ.

ಮೂರನೆಯದನ್ನು ಗಮನವಿಟ್ಟು ನೋಡಬೇಕು. ಉಸಿರು ಸಣ್ಣದಾಗಿ ಶುರುವಾಗಿ ಮೆಲ್ಲಗೆ ದೊಡ್ಡದಾಗುತ್ತದೆ, ಮತ್ತೆ ಮೆಲ್ಲಗೆ ಸಣ್ಣದಾಗಿ ನಿಲ್ಲುತ್ತದೆ. ಮತ್ತೆ ಅದೇ. ಹೀಗೆ ಹತ್ತಾರು ನಿಮಿಷ ಒಂದೇ ಸಮನೆ ನಡೆಯುತ್ತದೆ. ಒಂದು ಏರಿನ ತುದಿಯಿಂದ ಮುಂದಿನ ಏರಿನ ತುದಿಗೆ ಎಷ್ಟು ಸೆಕೆಂಡ್ ಎಂದು ಅಳೆಯಿರಿ. ಚಿಕಿತ್ಸೆಯಿಂದ ಕಂಡದ್ದಾದರೆ ಸಾಮಾನ್ಯವಾಗಿ ಈ ಅಂತರ ಕಡಿಮೆ, ಅರ್ಧ ನಿಮಿಷದ ಆಸುಪಾಸು. 40 ಸೆಕೆಂಡ್ ದಾಟಿ ಒಂದು ನಿಮಿಷದವರೆಗೂ ಹೋಗುತ್ತಿದ್ದರೆ ಅದು ಚೇನ್-ಸ್ಟೋಕ್ಸ್ ಉಸಿರಾಟ ಇರಬಹುದು. ಹೃದಯ ರಕ್ತ ತಳ್ಳುವುದು ನಿಧಾನವಾದಾಗ ಹೀಗಾಗುತ್ತದೆ. ಕೆಲವು ಮಷಿನ್‌ಗಳು ‘ಸಿಎಸ್‌ಆರ್’ ಎಂದು ಅದನ್ನು ತಾವೇ ತೋರಿಸುತ್ತವೆ. ಇದು ಕಂಡರೆ ಮುಂದಿನ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಡಾಕ್ಟರ್ ಹತ್ತಿರ ಹೋಗಿ.

ಹೆಜ್ಜೆ 3: ಲೀಕ್ ನಿಲ್ಲಿಸಿ

ಲೀಕ್ ಎರಡು ರೀತಿಯಲ್ಲಿ ಸೆಂಟ್ರಲ್ ತರುತ್ತದೆ. ಕೆನ್ನೆಗೆ, ಕಣ್ಣಿಗೆ ಗಾಳಿ ಹೊಡೆದು ಎಚ್ಚರ ಮಾಡಿಸುತ್ತದೆ. ಜೊತೆಗೆ ಮಾಸ್ಕಿನಲ್ಲಿ ಉಳಿಯಬೇಕಾದಷ್ಟು ಕಾರ್ಬನ್ ಡೈಆಕ್ಸೈಡನ್ನೂ ತೊಳೆದುಕೊಂಡು ಹೋಗುತ್ತದೆ. ರೆಸ್‌ಮೆಡ್ ಲೆಕ್ಕದಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ದೊಡ್ಡ ಲೀಕ್. ಅಷ್ಟು ಲೀಕ್ ಇರುವಾಗ ಮಷಿನ್ ಹಾಕಿದ ಗುರುತುಗಳನ್ನೂ ಪೂರ್ತಿ ನಂಬಬಾರದು.

ಮಾಸ್ಕ್ ಸೋರಿದರೆ ಬೆಲ್ಟ್ ಎಳೆದು ಬಿಗಿ ಮಾಡುವುದು ಎಲ್ಲರ ಮೊದಲ ಕೆಲಸ. ಅದರಿಂದ ಸಿಲಿಕೋನ್ ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯವೂ ಆಗುತ್ತದೆ. ಮಲಗಿಕೊಂಡು, ಮಷಿನ್ ಆನ್ ಮಾಡಿ, ಗಾಳಿ ತುಂಬಿದ ಮೇಲೆ ಮಾಸ್ಕನ್ನು ಒಮ್ಮೆ ಮುಖದಿಂದ ಸ್ವಲ್ಪ ಎತ್ತಿ ಕೂರಿಸಿ. ಆಮೇಲೆ ಎರಡೂ ಕಡೆ ಸಮವಾಗಿ ಎಳೆಯಿರಿ. ರಾತ್ರಿ ಮುಖಕ್ಕೆ ಎಣ್ಣೆ, ಕ್ರೀಮ್ ಹಚ್ಚುವ ಅಭ್ಯಾಸವಿದ್ದರೆ ಮಾಸ್ಕ್ ಕೂರುವ ಜಾಗಕ್ಕೆ ಹಚ್ಚಬೇಡಿ. ಮಾಸ್ಕಿನ ಮೆತ್ತೆಯನ್ನು ದಿನವೂ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ದಪ್ಪ ಮೀಸೆ ಇರುವವರಿಗೆ ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ ಮಾಸ್ಕ್ ಒಪ್ಪುವುದುಂಟು. ಬೆಳಿಗ್ಗೆ ಬಾಯಿ ಒಣಗಿ ಹಲಗೆಯಂತಾಗಿದ್ದರೆ ಬಾಯಿಂದ ಗಾಳಿ ಹೋಗುತ್ತಿದೆ ಎಂದರ್ಥ. ಮೂಗು ಕಟ್ಟಿದೆಯಾ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ನಡೆಯುತ್ತಿದೆಯಾ ನೋಡಿ. ಅದೂ ಸರಿಯಿದ್ದರೆ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಕೇಳಿ.

ಇಲ್ಲಿ ಒಂದು ಎಚ್ಚರಿಕೆ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುವುದೇ ಕಾರಣ ಎಂದು ತಿಳಿದ ಕೂಡಲೇ ಮಾಸ್ಕಿನ ಮುಂದಿರುವ ಸಣ್ಣ ತೂತುಗಳಿಗೆ ಟೇಪ್ ಹಾಕಿದರೆ ಆಯಿತಲ್ವಾ ಎಂದು ಅನ್ನಿಸಬಹುದು. ಖಂಡಿತ ಬೇಡ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದೊಂದೇ. ಮುಚ್ಚಿದರೆ ಜೀವಕ್ಕೇ ಅಪಾಯ.

ಹೆಜ್ಜೆ 4: ನಿದ್ದೆಯನ್ನೇ ಸರಿಮಾಡಿ

ತುಂಡು ತುಂಡು ನಿದ್ದೆಯಲ್ಲಿ ಸೆಂಟ್ರಲ್ ಜಾಸ್ತಿ. ಗಾಢ ನಿದ್ದೆಯಲ್ಲಿ ಉಸಿರು ತುಂಬ ಸ್ಥಿರವಾಗಿರುತ್ತದೆ. ಹಾಗಾಗಿ ಎಚ್ಚರ ಕಡಿಮೆ ಮಾಡುವ ಯಾವ ಉಪಾಯವಾದರೂ ಇಲ್ಲಿ ಔಷಧಿಯೇ. ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗಿ. ಗಂಟಲಿನ ಆಪ್ನಿಯಾ ಮಾತ್ರವಲ್ಲ, ಸೆಂಟ್ರಲ್ ಕೂಡ ಹಲವರಲ್ಲಿ ಇದರಿಂದ ಇಳಿಯುತ್ತದೆ. ರಾತ್ರಿ ಡ್ರಿಂಕ್ಸ್ ಬೇಡ. ನಿದ್ದೆ ಬರದೆ ಮಾಸ್ಕ್ ಹಾಕಿಕೊಂಡು ಒಂದು ಗಂಟೆ ಫೋನ್ ನೋಡುತ್ತಾ ಮಲಗುವುದನ್ನೂ ಬಿಡಿ. ಆ ಹೊತ್ತಿನ ಉಸಿರೂ ರಿಪೋರ್ಟಿಗೆ ಸೇರಿ ಲೆಕ್ಕ ಕೆಡಿಸುತ್ತದೆ. ಹಾಗೆಂದು ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವಂತಿಲ್ಲ.

ಹೆಜ್ಜೆ 5: ಮಾತ್ರೆಗಳ ಪಟ್ಟಿ ಬರೆಯಿರಿ

ಓಪಿಯಾಯ್ಡ್ ಗುಂಪಿನ ನೋವಿನ ಔಷಧಿಗಳು, ಅಂದರೆ ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಬ್ಯುಪ್ರೆನಾರ್ಫಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಉಸಿರಿನ ಕೇಂದ್ರವನ್ನೇ ಮಂದ ಮಾಡುತ್ತವೆ. ಬೆನ್ನುಮೂಳೆ, ಸ್ನಾಯು ಸೆಳೆತಕ್ಕೆ ಕೊಡುವ ಬ್ಯಾಕ್ಲೋಫೆನ್‌ನಿಂದಲೂ ಸೆಂಟ್ರಲ್ ಆಪ್ನಿಯಾ ಕಂಡದ್ದಿದೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಔಷಧಿ ಟಿಕಾಗ್ರೆಲಾರ್. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುತ್ತಾರೆ. ಸೆಂಟ್ರಲ್ ಆಪ್ನಿಯಾ ಬರಬಹುದು ಎಂಬ ಎಚ್ಚರಿಕೆ ಅದರ ಔಷಧಿ ಮಾಹಿತಿಯಲ್ಲೇ ಇದೆ.

ಪಟ್ಟಿ ಬರೆಯಿರಿ ಎಂದೆ, ಮಾತ್ರೆ ಬಿಡಿ ಎನ್ನಲಿಲ್ಲ. ಸ್ಟೆಂಟ್ ಇರುವವರು ಟಿಕಾಗ್ರೆಲಾರ್ ಒಂದು ದಿನ ತಪ್ಪಿಸಿದರೂ ಅಪಾಯ. ಓಪಿಯಾಯ್ಡ್ ಕೂಡ ದಿಢೀರ್ ನಿಲ್ಲಿಸುವ ಹಾಗಿಲ್ಲ. ಬದಲಿ ಏನಾದರೂ ಉಂಟಾ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ಸ್ಲೀಪ್ ಡಾಕ್ಟರಿಗೆ ನಿಮ್ಮ ಹಾರ್ಟ್ ಡಾಕ್ಟರ್ ಕೊಟ್ಟ ಚೀಟಿ ಗೊತ್ತಿರುವುದಿಲ್ಲ, ಅವರಿಗೆ ಇವರದು ಗೊತ್ತಿರುವುದಿಲ್ಲ. ಎರಡನ್ನೂ ಒಂದು ಕಡೆ ಸೇರಿಸುವುದು ಮನೆಯವರ ಕೆಲಸ.

ಹೆಜ್ಜೆ 6: ಸೆಟ್ಟಿಂಗ್ ಬಗ್ಗೆ ಡಾಕ್ಟರ್ ಜೊತೆ ಮಾತಾಡಿ

ಮಷಿನ್ ತಂದುಕೊಟ್ಟವರು, ಪ್ರೆಶರನ್ನು ಮಷಿನ್ನೇ ಬದಲಿಸಿಕೊಳ್ಳುವ ಆಟೋ ಮೋಡ್‌ನಲ್ಲಿ, ಪ್ರೆಶರ್ 4ರಿಂದ 20 ಎಂದು ಇಟ್ಟು ಹೋಗಿರುವುದು ಬಹಳ ಮನೆಗಳಲ್ಲಿ ಕಾಣುವ ವಿಷಯ. ಅಷ್ಟು ಅಗಲದ ಅಂತರ ಎಲ್ಲರಿಗೂ ಒಗ್ಗುವುದಿಲ್ಲ. ಸ್ವಲ್ಪ ಲೀಕ್, ಸ್ವಲ್ಪ ಗೊರಕೆ ಎಂದರೂ ಪ್ರೆಶರ್ ಮೇಲೆ ಕೆಳಗೆ ಓಡಾಡುತ್ತದೆ. ಒಮ್ಮೆಲೇ ಏರಿದಾಗ ಎಚ್ಚರವಾಗುತ್ತದೆ, ಉಸಿರಾಟ ಜಾಸ್ತಿಯಾಗುತ್ತದೆ, ಹಿಂದೆಯೇ ಸಿಎ ಬರುತ್ತದೆ. ಉಸಿರಿನ ಅಲೆಯ ಕೆಳಗೆ ಪ್ರೆಶರ್ ಗೆರೆ ಇಟ್ಟು ನೋಡಿ. ಪ್ರೆಶರ್ ಮೇಲಿದ್ದ ಹೊತ್ತಿನಲ್ಲೇ ಸಿಎ ಗುಂಪಾಗಿದ್ದರೆ ಡಾಕ್ಟರಿಗೆ ಆ ಚಿತ್ರ ತೋರಿಸಿ.

ಅವರು ಮೂರು ಬದಲಾವಣೆಗಳಲ್ಲಿ ಒಂದನ್ನು ಹೇಳಬಹುದು. ಮೇಲಿನ ಮಿತಿ ಇಳಿಸುವುದು. ಅಂತರ ಕಿರಿದು ಮಾಡುವುದು ಅಥವಾ ಒಂದೇ ಪ್ರೆಶರಿಗೆ ನಿಲ್ಲಿಸುವುದು. ಇಲ್ಲವೇ ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಸೌಲಭ್ಯವನ್ನು ಕಡಿಮೆ ಮಾಡುವುದು. ರೆಸ್‌ಮೆಡ್‌ನಲ್ಲಿ ಇದಕ್ಕೆ ಇಪಿಆರ್ ಎನ್ನುತ್ತಾರೆ, 1ರಿಂದ 3ರವರೆಗೆ ಇರುತ್ತದೆ. ಹಾಯಾಗಿರುತ್ತದೆ ಎಂದು 3ರಲ್ಲೇ ಇಡುವವರು ಜಾಸ್ತಿ. ಆದರೆ ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಎಂದರೆ ಪ್ರತಿ ಉಸಿರಿಗೂ ಒಂದಿಷ್ಟು ಸಹಾಯ ಸಿಕ್ಕಂತೆ. ಕೆಲವರಿಗೆ ಅಷ್ಟೇ ಸಾಕು ಕಾರ್ಬನ್ ಡೈಆಕ್ಸೈಡ್ ಗೆರೆ ದಾಟಿ ಕೆಳಗಿಳಿಯಲು.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ. ಬದಲಿಸಿದ ಮೇಲೆ ಒಂದು ವಾರವಾದರೂ ಬಿಡಿ. ದಿನಾಂಕ, ಏನು ಬದಲಾಯಿತು, ಸಿಎ ಎಷ್ಟು, ಗಂಟಲಿನ ಆಪ್ನಿಯಾ ಎಷ್ಟು, ಬೆಳಿಗ್ಗೆ ಹೇಗಿತ್ತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸಿಎ ಇಳಿಸಲು ಹೋಗಿ ಪ್ರೆಶರ್ ತೀರಾ ತಗ್ಗಿಸಿದರೆ ಗಂಟಲಿನ ಆಪ್ನಿಯಾ ಎದ್ದುಬರುತ್ತದೆ. ಎರಡೂ ಸಂಖ್ಯೆಯನ್ನು ಒಟ್ಟಿಗೆ ನೋಡಬೇಕು ಎನ್ನುವುದು ಇದಕ್ಕೇ.

ಹೆಜ್ಜೆ 7: ಕಾಯುವುದು

ಲೀಕ್ ಸರಿಯಾಗಿದೆ, ಸೆಟ್ಟಿಂಗ್ ಹದಕ್ಕೆ ಬಂದಿದೆ, ಹೃದಯದ ತೊಂದರೆ ಇಲ್ಲ, ಆದರೂ ಸಿಎ 6, 7 ಇದೆ. ಆಗ ಡಾಕ್ಟರುಗಳು ಹೆಚ್ಚಾಗಿ ಎರಡು ಮೂರು ತಿಂಗಳು ಹೀಗೇ ಮುಂದುವರಿಸಿ ಎನ್ನುತ್ತಾರೆ. ಸುಮ್ನೆ ಹೇಳಿದ ಸಮಾಧಾನ ಅಲ್ಲ ಅದು. ವಾರಗಳು ಕಳೆದ ಹಾಗೆ ದೇಹದ ಅವಸರ ತಗ್ಗುತ್ತದೆ. ಆದರೆ ದಿನವೂ ಹಾಕಿದರೆ ಮಾತ್ರ. ವಾರಕ್ಕೆ ಮೂರು ರಾತ್ರಿ ಹಾಕಿ ಮಿಕ್ಕ ದಿನ ಬಿಟ್ಟರೆ ದೇಹ ಹೊಂದಿಕೊಳ್ಳುವುದು ಎಲ್ಲಿಂದ?

ಈ ಕಾಯುವ ಅವಧಿಯಲ್ಲಿ ರಾತ್ರಿಯ ಆಕ್ಸಿಜನ್ ನೋಡಿಕೊಳ್ಳುವುದು ಒಳ್ಳೆಯದು. ಬೆರಳಿಗೆ ಹಾಕುವ ಸಾಧಾರಣ ಆಕ್ಸಿಮೀಟರ್ ಆ ಕ್ಷಣದ್ದನ್ನಷ್ಟೇ ತೋರಿಸುತ್ತದೆ. ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ಬಾಡಿಗೆಗೆ ಸಿಗುತ್ತದಾ ಎಂದು ಡಾಕ್ಟರನ್ನು ಕೇಳಿ. ಹೊತ್ತುಗಟ್ಟಲೆ ಆಕ್ಸಿಜನ್ ನೂರಕ್ಕೆ 88ಕ್ಕಿಂತ ಕೆಳಗೆ ಇರುತ್ತಿದ್ದರೆ ಕಾಯುವ ಮಾತು ಬೇಡ.

ಹೆಜ್ಜೆ 8: ಉಳಿದುಕೊಂಡರೆ ಮುಂದೇನು?

ಮೂರು ತಿಂಗಳಾದ ಮೇಲೂ ಸಿಎ 5ರ ಮೇಲೇ ಇದ್ದು, ಹಗಲು ತೂಕಡಿಕೆ ಹೋಗದಿದ್ದರೆ ಹೃದಯದ ಎಕೋ ಪರೀಕ್ಷೆ ಆಗಬೇಕು. ಅದರಲ್ಲಿ ಇಎಫ್ ಎಂಬ ಸಂಖ್ಯೆ ಇರುತ್ತದೆ. ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಭಾಗ ತಳ್ಳುತ್ತದೆ ಎಂಬ ಲೆಕ್ಕ. ಈ ಸಂಖ್ಯೆ ಕೈಯಲ್ಲಿಲ್ಲದೆ ಮುಂದಿನ ಮಷಿನ್ನಿನ ಮಾತೇ ಆಡಬಾರದು. ಯಾಕೆಂದು ಹೇಳುತ್ತೇನೆ.

ಸೆಂಟ್ರಲ್ ಆಪ್ನಿಯಾಕ್ಕೆ ಎಎಸ್‌ವಿ ಎಂಬ ಮಷಿನ್ ಇದೆ. ಉಸಿರು ಕಡಿಮೆಯಾದಾಗ ಅಷ್ಟೇ ತಳ್ಳಿ, ಜೋರಾದಾಗ ಸುಮ್ಮನಾಗಿ, ಏರಿಳಿತವನ್ನು ಸಮ ಮಾಡುತ್ತದೆ. ಸರಿಯಾದ ಜನರಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ 2015ರಲ್ಲಿ ಹೊರಬಂದ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ, ಹಾರ್ಟ್ ಫೇಲ್ಯೂರ್ ಇದ್ದು ಇಎಫ್ ನೂರಕ್ಕೆ 45 ಅಥವಾ ಅದಕ್ಕಿಂತ ಕಡಿಮೆ ಇದ್ದು, ಮುಖ್ಯವಾಗಿ ಸೆಂಟ್ರಲ್ ಆಪ್ನಿಯಾವೇ ಇದ್ದ 1,325 ಜನರನ್ನು ನೋಡಿದಾಗ, ಎಎಸ್‌ವಿ ಹಾಕಿದವರಲ್ಲಿ ಹೃದಯದ ಕಾರಣಕ್ಕೆ ಸಾವು ಹೆಚ್ಚಾಗಿತ್ತು. ಉಸಿರಿನ ಸಂಖ್ಯೆ ಸುಂದರವಾಗಿ ಇಳಿದಿತ್ತು, ಆದರೂ. ಆಮೇಲೆ ಬೇರೆ ತಂತ್ರದ ಎಎಸ್‌ವಿ ಮಷಿನ್ ಬಳಸಿ ನಡೆದ ಅಡ್ವೆಂಟ್-ಎಚ್‌ಎಫ್ ಎಂಬ ಅಧ್ಯಯನದಲ್ಲಿ ಸಾವು ಹೆಚ್ಚಾಗಿ ಕಾಣಲಿಲ್ಲ. ಡಾಕ್ಟರುಗಳಲ್ಲಿ ಈ ಬಗ್ಗೆ ಇನ್ನೂ ಚರ್ಚೆ ನಡೆದೇ ಇದೆ. ಇಎಫ್ ಕಡಿಮೆ ಇರುವವರ ಎಎಸ್‌ವಿ ನಿರ್ಧಾರ ಹಾರ್ಟ್ ಡಾಕ್ಟರ್, ಸ್ಲೀಪ್ ಡಾಕ್ಟರ್ ಇಬ್ಬರೂ ಕೂತು ಮಾಡಬೇಕಾದದ್ದು. ಆನ್‌ಲೈನ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಎಎಸ್‌ವಿ ಕಡಿಮೆ ದುಡ್ಡಿಗೆ ಸಿಗುತ್ತದೆ ಎಂದು ಕೊಂಡುಬಿಡಬೇಡಿ.

ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಬೈಪ್ಯಾಪ್ ಮಷಿನ್ ಹಾಕಿ ಎಂದರೆ ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಬ್ಯಾಕಪ್ ರೇಟ್ ಇದೆಯಾ ಸರ್?’ ಬ್ಯಾಕಪ್ ಇರುವ ಎಸ್‌ಟಿ ಮಾದರಿ ನಿಮ್ಮ ಉಸಿರು ಬರದಿದ್ದರೆ ತಾನೇ ಒಂದು ಉಸಿರು ಕೊಡುತ್ತದೆ. ಬ್ಯಾಕಪ್ ಇಲ್ಲದ ಬೈಪ್ಯಾಪ್ ಸೆಂಟ್ರಲ್ ಅನ್ನು ಹೆಚ್ಚಿಸಲೂಬಹುದು. ಇವಲ್ಲದೆ ಅಸೆಟಝೋಲಮೈಡ್ ಮಾತ್ರೆ, ರಾತ್ರಿ ಸ್ವಲ್ಪ ಆಕ್ಸಿಜನ್, ಇವನ್ನೂ ಕೆಲವರಿಗೆ ಕೊಡುತ್ತಾರೆ. ಎಲ್ಲವೂ ಡಾಕ್ಟರ್ ಕಣ್ಣಳತೆಯಲ್ಲಿ.

ಎತ್ತರದ ಊರಿಗೆ ಹೊರಟವರಿಗೆ ಒಂದು ಮಾತು. ಲೇಹ್ 3,500 ಮೀಟರ್, ಕೇದಾರನಾಥ ಅದಕ್ಕೂ ಸ್ವಲ್ಪ ಮೇಲೆ. ಅಲ್ಲಿ ಗಾಳಿ ತೆಳು. ದೇಹ ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಕಳೆದುಕೊಳ್ಳುತ್ತದೆ. ಏನೂ ಕಾಯಿಲೆ ಇಲ್ಲದವರಿಗೂ ಅಲ್ಲಿ ರಾತ್ರಿ ಸೆಂಟ್ರಲ್ ಬರುತ್ತದೆ. ಯಾತ್ರೆಗೆ ಮುಂಚೆ ಡಾಕ್ಟರನ್ನು ಕೇಳಿ. ಎತ್ತರಕ್ಕೆ ಹೋಗುವವರಿಗೆ ಕೊಡುವ ಡೈಮಾಕ್ಸ್ ಮಾತ್ರೆ ಈ ಅಸೆಟಝೋಲಮೈಡೇ. ಅಲ್ಲಿ ಕಂಡ ಸಂಖ್ಯೆಯನ್ನು ಊರಿನ ಲೆಕ್ಕಕ್ಕೆ ಸೇರಿಸಬೇಡಿ.

ಡಾಕ್ಟರ್ ಹತ್ತಿರ ಹೋಗುವಾಗ

ಮೊದಲ ಸ್ಲೀಪ್ ಟೆಸ್ಟ್ ರಿಪೋರ್ಟ್ ಇರಲಿ. ಅದರಲ್ಲಿ ಸೆಂಟ್ರಲ್ ಎಷ್ಟಿತ್ತು ಎನ್ನುವುದು ಮುಖ್ಯ. ಚಿಕಿತ್ಸೆಗೆ ಮುಂಚೆಯೇ ಇದ್ದರೆ ಕಥೆ ಬೇರೆ. ಮನೆಯಲ್ಲೇ ಮಾಡಿದ ಟೆಸ್ಟಾ, ಲ್ಯಾಬಿನದಾ ಎಂದು ಹೇಳಿ. ಕಳೆದ ಒಂದು ತಿಂಗಳ ಮಷಿನ್ ರಿಪೋರ್ಟ್, ಒಂದೆರಡು ಉಸಿರಿನ ಅಲೆಯ ಪ್ರಿಂಟ್, ಮಾತ್ರೆಗಳ ಪಟ್ಟಿ, ಎಕೋ ಆಗಿದ್ದರೆ ಅದು, ನಿಮ್ಮ ನೋಟ್‌ಬುಕ್. ಪಕ್ಕದಲ್ಲಿ ಮಲಗುವವರನ್ನು ಕರೆದುಕೊಂಡು ಹೋಗಿ. ನೀವು ನಿದ್ದೆಯಲ್ಲಿ ಹೇಗಿರುತ್ತೀರಿ ಎಂದು ನೋಡಿದವರು ಅವರೊಬ್ಬರೇ.

‘ಏನೂ ಆಗಲ್ಲ, ಮಷಿನ್ ಹಾಕ್ಕೊಳ್ಳಿ’ ಎಂದಷ್ಟೇ ಹೇಳಿ ಕಳಿಸಿದರೆ ಮೆತ್ತಗೆ, ಆದರೆ ಬಿಡದೆ ಕೇಳಿ: ‘ಸೆಂಟ್ರಲ್ ಸರಾಸರಿ ಇಷ್ಟಿದೆ, ಇಷ್ಟು ವಾರದಿಂದ ಇದೆ, ಎಕೋ ಬೇಕಾ? ಎಷ್ಟು ದಿನ ಕಾಯಬೇಕು? ಯಾವ ಸಂಖ್ಯೆ ಬಂದರೆ ಮತ್ತೆ ಬರಬೇಕು?’ ಈ ಉತ್ತರಗಳನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಲ್ಯಾಬಿನಲ್ಲಿ ಪ್ರೆಶರ್ ಹೊಂದಿಸುವ ಟೈಟ್ರೇಷನ್ ರಾತ್ರಿ ಬೇಕು ಎಂದರೆ ಹಿಂಜರಿಯಬೇಡಿ. ಎದೆ ಹೊಟ್ಟೆಗೆ ಬೆಲ್ಟ್ ಕಟ್ಟಿ, ತಲೆಗೆ ವೈರ್ ಅಂಟಿಸಿ, ನಿದ್ದೆ ಯಾವುದು ಎಚ್ಚರ ಯಾವುದು ಎಂದು ನೋಡುತ್ತಾ ಟೆಕ್ನಿಷಿಯನ್ ಪ್ರೆಶರ್ ಬದಲಿಸುತ್ತಾರೆ. ಮನೆಯ ಮಷಿನ್ ಊಹಿಸಿ ಹೇಳಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಹೋಗುವಾಗ ನಿಮ್ಮದೇ ಮಾಸ್ಕ್, ನೀವು ದಿನಾ ಮಲಗುವ ದಿಂಬು ತೆಗೆದುಕೊಂಡು ಹೋಗಿ. ಆ ದಿನ ಮಧ್ಯಾಹ್ನ ಮಲಗಬೇಡಿ, ಸಂಜೆ ಕಾಫಿ ಬೇಡ. ಮಾಮೂಲಿ ಮಾತ್ರೆಗಳನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.